ಜಾಝ್ ಡ್ಯಾನ್ಸ್ ಚರಿತ್ರೆಯ ಆನ್‌ಲೈನ್ ಕೋರ್ಸ್: ಮೊದಲರ್ಧ ಸೂಪರ್, ಆಮೇಲೆ ಅವಸರ

ನಮ್ಮ ಕಡೆ 'ಜಾಝ್ ಕಲಿಸಲಾಗುವುದು' ಅಂತ ಬೋರ್ಡ್ ಇರುವ ಕ್ಲಾಸಿಗೆ ಹೋದರೆ ಸಾಮಾನ್ಯವಾಗಿ ಸಿಗುವುದು ಒಂದಷ್ಟು ಕಿಕ್, ಒಂದಷ್ಟು ಟರ್ನ್, ಜೊತೆಗೆ ಯಾವುದೋ ಪಾಪ್ ಹಾಡು. ಇದಕ್ಕೂ ಜಾಝ್ ಸಂಗೀತಕ್ಕೂ ಏನು ಸಂಬಂಧ ಅಂತ ಕೇಳಿದರೆ ಮೇಷ್ಟ್ರು ನಗುತ್ತಾರೆ ಅಷ್ಟೇ. ಅದಕ್ಕೇ ಈ ರೆಕಾರ್ಡೆಡ್ ಕೋರ್ಸ್ ತಗೊಂಡೆ. ನಾಲ್ಕು ಸ್ಟಾರ್ ಕೊಡ್ತಿದ್ದೇನೆ.

ಶುರುವಿನ ಪಾಠಗಳು ನಿಜಕ್ಕೂ ಚೆನ್ನಾಗಿವೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊದಲ್ಲಿ ಗುಲಾಮರು ದಂಗೆ ಎದ್ದರು, ಮರುವರ್ಷವೇ ಅಲ್ಲಿನ ಕಾನೂನು ಅವರ ಡೋಲುಗಳನ್ನು ನಿಷೇಧಿಸಿತು. ಡೋಲು ಹೋದರೇನು, ಮೈ ಇತ್ತಲ್ಲ. ತೊಡೆ, ಎದೆ, ಅಂಗೈ ತಟ್ಟಿಕೊಂಡು ತಾಳ ಹುಟ್ಟಿಸುವ 'ಪ್ಯಾಟಿಂಗ್ ಜೂಬಾ'ವನ್ನು ಟೀಚರ್ ಕುರ್ಚಿಯಲ್ಲಿ ಕೂತು ಮೊದಲು ನಿಧಾನಕ್ಕೆ ತೋರಿಸುತ್ತಾರೆ, ಆಮೇಲೆ ವೇಗ ಏರಿಸಿದಾಗ ಕೈ ಎಲ್ಲಿ ಬೀಳುತ್ತಿದೆ ಅಂತ ಕಣ್ಣಿಗೆ ಗೊತ್ತೇ ಆಗಲ್ಲ. ಕೇಕ್‌ವಾಕ್ ಪಾಠವೂ ಮಜವಾಗಿದೆ. ದೊರೆಗಳ ಬಿಂಕದ ನಡಿಗೆಯನ್ನು ಗುಲಾಮರು ಅಣಕಿಸಿ ಕುಣಿಯುತ್ತಿದ್ದರು, ದೊರೆಗಳೋ ಅದನ್ನೇ ನೋಡಿ ಖುಷಿಪಟ್ಟು ಬಹುಮಾನ ಕೊಡುತ್ತಿದ್ದರು! ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಗೇಲಿ ಮಾಡುತ್ತಿದ್ದ ನಾಟಕಗಳನ್ನೂ ಮುಚ್ಚಿಡದೆ ಹೇಳಿದ್ದಾರೆ.

ಆದರೆ ಕೊಟ್ಟ ದುಡ್ಡು ವಸೂಲಾಗುವುದು ನ್ಯೂಯಾರ್ಕ್‌ನ ಕರಿಯರ ಬಡಾವಣೆ ಹಾರ್ಲೆಮ್‌ನ ಭಾಗದಲ್ಲಿ. 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್‌ನಲ್ಲಿ ಕರಿಯರು, ಬಿಳಿಯರು ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಅದೇ ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ಕುಣಿಯುವವರು ಕರಿಯರು, ಕೂತು ನೋಡುವವರು ಬಿಳಿಯರು. ಜಾಝ್ ಸಂಗೀತಕ್ಕೆ ಜೋಡಿಯಾಗಿ ಕುಣಿಯುವ ಲಿಂಡಿ ಹಾಪ್ ಬೆಳೆದದ್ದು ಸವಾಯ್‌ನಲ್ಲಿ. ಫ್ರ್ಯಾಂಕಿ ಮ್ಯಾನಿಂಗ್ 1935ರಲ್ಲಿ ಅಲ್ಲಿನ ಒಂದು ಸ್ಪರ್ಧೆಯಲ್ಲಿ ಜೊತೆಗಾತಿ ಫ್ರೀಡಾ ವಾಷಿಂಗ್ಟನ್‌ರನ್ನು ಬೆನ್ನ ಮೇಲಿಂದ ಉರುಳಿಸಿ ಮುಂದೆ ಇಳಿಸಿದರು. ಇಳಿದದ್ದು ಸರಿಯಾಗಿ ತಾಳಕ್ಕೆ, ಅದೇ ವಿಷಯ. 'ಹೆಲ್ಜಪಾಪಿನ್' ಎಂಬ 1941ರ ಚಿತ್ರದ ಲಿಂಡಿ ಹಾಪ್ ನೃತ್ಯವನ್ನು ಕೋರ್ಸಿನಲ್ಲಿ ಸ್ಲೋ ಮೋಷನ್‌ನಲ್ಲಿ ಬಿಡಿಸಿ ತೋರಿಸಿದ್ದಾರೆ. ನಾನು ಚಿಕ್ಕವಳಿದ್ದಾಗಿಂದ ಭರತನಾಟ್ಯ ಕಲಿತವಳು, ಹಾಗಾಗಿ ಕಣ್ಣು ಮೊದಲು ಹೋಗಿದ್ದು ಮಂಡಿಗೆ. ನಮ್ಮ ಅರಮಂಡಿಯಲ್ಲೂ ಮಂಡಿ ಬಗ್ಗುತ್ತದೆ, ಆದರೆ ಬೆನ್ನು ನೆಟ್ಟಗೆ. ಇವರದ್ದು ಮೈ ಮುಂದಕ್ಕೆ ವಾಲಿ, ಸೊಂಟ ಸಡಿಲವಾಗಿ, ಭಾರ ಪೂರ್ತಿ ನೆಲಕ್ಕೆ. ಅಷ್ಟು ಅದ್ಭುತವಾಗಿ ಕುಣಿದವರಿಗೆ ತೊಡಿಸಿದ್ದು ಅಡುಗೆಯವರ, ಕೆಲಸದವರ ಬಟ್ಟೆ ಅನ್ನುವುದನ್ನೂ ಟೀಚರ್ ಮರೆಯದೆ ಹೇಳುತ್ತಾರೆ.

ಇಲ್ಲಿಂದ ಮುಂದೆ ಓಟ. 1944ರಲ್ಲಿ ಕುಣಿತ ಇರುವ ಕ್ಲಬ್‌ಗಳ ಮೇಲೆ ಅಮೆರಿಕ ಸರ್ಕಾರ ಶೇ. 30 ತೆರಿಗೆ ಹಾಕಿತು, ಬೀಬಾಪ್ ಎಂಬ ವೇಗದ, ಜಟಿಲ ಶೈಲಿ ಬಂದು ಜಾಝ್ ಕೂತು ಕೇಳುವ ಸಂಗೀತವಾಯಿತು, ನೃತ್ಯ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿ ಮತ್ತು ಹಾಲಿವುಡ್ ಕಡೆ ಹೊರಟಿತು ಅಂತ ಗಡಿಬಿಡಿಯಲ್ಲಿ ಮುಗಿಸಿಬಿಟ್ಟಿದ್ದಾರೆ. ಹೈತಿಗೆ ಹೋಗಿ ಅಲ್ಲಿನ ನೃತ್ಯಗಳನ್ನು ಅಧ್ಯಯನ ಮಾಡಿದ ಕ್ಯಾಥರಿನ್ ಡನ್‌ಹ್ಯಾಮ್‌ಗೆ ಒಂದು ಫೋಟೊ ಮಾತ್ರ. ನೃತ್ಯ ಸಂಯೋಜಕ ಬಾಬ್ ಫಾಸಿಯ ಟೋಪಿ, ಗ್ಲೌಸ್, ಒಳಮುಖ ಮಂಡಿಗೆ ಇಡೀ ಪಾಠ ಇದೆ, ಇರಲಿ. ನನಗೆ ಸಿಟ್ಟು ಬಂದದ್ದು ಜ್ಯಾಕ್ ಕೋಲ್ ವಿಷಯಕ್ಕೆ. ರಂಗಭೂಮಿಯ ಜಾಝ್ ನೃತ್ಯಕ್ಕೆ ಈತನೇ ಪಿತಾಮಹ ಅನ್ನುತ್ತಾರೆ, ಮರ್ಲಿನ್ ಮನ್ರೋಗೆ 'ಡೈಮಂಡ್ಸ್ ಆರ್ ಎ ಗರ್ಲ್ಸ್ ಬೆಸ್ಟ್ ಫ್ರೆಂಡ್' ಹಾಡಿನ ಹೆಜ್ಜೆ ಕಲಿಸಿದವನೂ ಇವನೇ. ಈತ ಭರತನಾಟ್ಯ ಕಲಿತು, ಅದನ್ನು ಸ್ವಿಂಗ್ ಎಂಬ ಜಾಝ್ ಸಂಗೀತಕ್ಕೆ ಕೂರಿಸಿ 1930ರ ದಶಕದಲ್ಲಿ ನ್ಯೂಯಾರ್ಕ್‌ನ ನೈಟ್‌ಕ್ಲಬ್‌ಗಳಲ್ಲಿ ಕುಣಿದಿದ್ದ. ಕತ್ತು, ಭುಜ, ಪಕ್ಕೆಲುಬು ಒಂದೊಂದನ್ನೇ ಬೇರೆ ಬೇರೆಯಾಗಿ ಆಡಿಸುವುದು ಅವನ ಶೈಲಿಯ ಜೀವಾಳ. ಈಗಿನ ಜಾಝ್ ಕ್ಲಾಸ್‌ಗಳ ವಾರ್ಮ್‌ಅಪ್‌ನಲ್ಲೂ ಅದನ್ನೇ ಮಾಡಿಸ್ತಾರೆ ಅಲ್ವಾ? ಭರತನಾಟ್ಯದ ಒಂದು ಅಡವು (ಮೂಲ ಹೆಜ್ಜೆ) ಪಕ್ಕದಲ್ಲಿಟ್ಟು ತೋರಿಸಬಹುದಿತ್ತು. ಕೋರ್ಸಿನಲ್ಲಿ ಒಂದೇ ವಾಕ್ಯ, 'ಭಾರತೀಯ ಪ್ರಭಾವ', ಮುಗೀತು.

ಸಬ್‌ಟೈಟಲ್ ಇಂಗ್ಲಿಷ್‌ನಲ್ಲಿ ಮಾತ್ರ, ಅದೂ ಹೆಸರುಗಳನ್ನೆಲ್ಲ ಕಲಸುಮೇಲೋಗರ ಮಾಡುತ್ತದೆ. ಆಡಿಯೊ ಚೆನ್ನಾಗಿದೆ. ಕೊನೆಗೆ ಶಿಮ್ ಶ್ಯಾಮ್ ಎಂಬ ಹಳೆಯ ಜಾಝ್ ಕುಣಿತದ ಅಭ್ಯಾಸದ ವಿಡಿಯೊ ಇದೆ, ವೇಗ ಅರ್ಧಕ್ಕೆ ಇಳಿಸಿಕೊಂಡು ಹೊಸಬರೂ ಮಾಡಬಹುದು. ಸಾಕ್ಸ್ ಹಾಕಿಕೊಂಡು ಟೈಲ್ಸ್ ಮೇಲೆ ಮಾತ್ರ ಮಾಡಬೇಡಿ, ಜಾರುತ್ತೆ. ಆಫರ್ ಇದ್ದಾಗ ತಗೊಳ್ಳಿ, ಪೂರ್ತಿ ಬೆಲೆಗೆ ಜಾಸ್ತಿಯಾಯ್ತು.