ಸ್ಟಾಲಿನ್ ಜೀವನಚರಿತ್ರೆ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಲೈಬ್ರರಿಯಲ್ಲೇ ಓದಿ ಮುಗಿಸಬೇಕು

ಸ್ಟಾಲಿನ್ ಬದುಕಿದ್ದಾಗ ಅವನ ‘ಸಂಕ್ಷಿಪ್ತ ಜೀವನಚರಿತ್ರೆ’ಯನ್ನು ಸರ್ಕಾರವೇ ಅಚ್ಚು ಹಾಕಿಸಿತ್ತು. ಕರಡು ತಿದ್ದಿದವನು ಅವನೇ. ಸ್ಟಾಲಿನ್ನನಲ್ಲಿ ಒಣಜಂಭವಾಗಲಿ ಆತ್ಮಪ್ರಶಂಸೆಯಾಗಲಿ ಲವಲೇಶವೂ ಇಲ್ಲ ಎಂಬರ್ಥದ ಮಾತನ್ನು ಸೇರಿಸಿದ್ದೂ ಅವನೇ ಎಂದು ಅವನ ನಂತರ ಸೋವಿಯತ್ ನಾಯಕನಾದ ಕ್ರುಶ್ಚೇವ್ 1956ರಲ್ಲಿ ಬಯಲು ಮಾಡಿದ. ಆಮೇಲೆ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಇಂಗ್ಲಿಷಿನಲ್ಲಿ ಸಿಗುವ ಐವರನ್ನು ಇಲ್ಲಿ ಪಕ್ಕಪಕ್ಕ ಇಟ್ಟಿದ್ದೇವೆ: ಐಸಾಕ್ ಡಾಯ್ಚರ್ (1949), ಸೈಮನ್ ಸೀಬಾಗ್ ಮಾಂಟಿಫಿಯೋರಿ (2003), ರಾಬರ್ಟ್ ಸರ್ವೀಸ್ (2004), ಸ್ಟೀಫನ್ ಕೋಟ್ಕಿನ್ (2014 ಮತ್ತು 2017ರ ಎರಡು ಸಂಪುಟ), ಓಲೆಗ್ ಖ್ಲೆವ್ನ್ಯೂಕ್ (2015).

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಹುಟ್ಟಿದ ದಿನದ್ದು. ಅಧಿಕೃತವಾಗಿ ಆಚರಿಸುತ್ತಿದ್ದುದು 1879ರ ಡಿಸೆಂಬರ್ 21. ಅವನು ಹುಟ್ಟಿದ ಊರಾದ ಗೋರಿಯ ಚರ್ಚಿನ ದಾಖಲೆಯಲ್ಲಿರುವುದು ಹಳೆಯ ಪಂಚಾಂಗದಂತೆ 1878ರ ಡಿಸೆಂಬರ್ 6. ಡಾಯ್ಚರ್‌ಗೆ ಆ ದಾಖಲೆ ಸಿಗುವಂತಿರಲಿಲ್ಲ, ಬಿಡಿ. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಕಡತಗಳು ಹೊರಬಂದ ಮೇಲೂ 1879 ಎಂದೇ ಬರೆದು ಮುಂದೆ ಹೋಗುವ ಪುಸ್ತಕವನ್ನು ಅಲ್ಲೇ ಕೆಳಗಿಡಿ.

ಇದಕ್ಕಿಂತ ಬಿಗಿಯಾದ ಪರೀಕ್ಷೆ 1941ರ ಜೂನ್ ಕೊನೆಯ ವಾರ. ಹಿಟ್ಲರನ ಸೇನೆ ಜೂನ್ 22ರ ನಸುಕಿನಲ್ಲಿ ಗಡಿ ದಾಟಿತು. ಸ್ಟಾಲಿನ್ ಎದೆಗುಂದಿ ಬಹಳ ಕಾಲ ಕೈಚೆಲ್ಲಿ ಕೂತಿದ್ದ ಎಂಬುದು ಕ್ರುಶ್ಚೇವ್ ಹಬ್ಬಿಸಿದ ಕಥೆ. ಹಳೆಯ ಪುಸ್ತಕಗಳು ಅದನ್ನು ಹಾಗೇ ಎತ್ತಿಕೊಂಡವು. ಆದರೆ ಕ್ರೆಮ್ಲಿನ್ ಕಚೇರಿಯಲ್ಲಿ ಅವನನ್ನು ಕಾಣಲು ಬಂದವರ ಹೆಸರು, ಒಳಹೋದ ಮತ್ತು ಹೊರಬಂದ ಹೊತ್ತು ಬರೆದಿಟ್ಟ ರಿಜಿಸ್ಟರ್ ಉಳಿದಿದೆ. ಅದರ ಪ್ರಕಾರ 22ರ ಬೆಳಿಗ್ಗೆ 5:45ಕ್ಕೇ ವಿದೇಶಾಂಗ ಖಾತೆಯ ಮೊಲೊಟೊವ್ ಒಳಗಿದ್ದಾನೆ. ದಿನವಿಡೀ ಒಬ್ಬರ ಹಿಂದೊಬ್ಬರು ಬಂದಿದ್ದಾರೆ. ಖಾಲಿ ಇರುವುದು 29 ಮತ್ತು 30ರ ಪುಟಗಳು. ಅಂದರೆ ಅವನು ಡಾಚಾ (ಊರಾಚೆಯ ಮನೆ) ಸೇರಿಕೊಂಡದ್ದು ಮಿನ್ಸ್ಕ್ ನಗರ ಜರ್ಮನ್ನರ ಕೈಸೇರಿದ ಮೇಲೆ, ಒಂದೆರಡು ದಿನ ಮಾತ್ರ. ಖ್ಲೆವ್ನ್ಯೂಕ್ ಮತ್ತು ಮಾಂಟಿಫಿಯೋರಿ ಇಬ್ಬರೂ ಇದನ್ನು ಸರಿಯಾಗಿ ಬಿಡಿಸಿಡುತ್ತಾರೆ. ಕೋಟ್ಕಿನ್ನನ ಎರಡನೆಯ ಸಂಪುಟ ಯುದ್ಧದ ಹೊಸ್ತಿಲಲ್ಲೇ ನಿಲ್ಲುತ್ತದೆ, ಹಾಗಾಗಿ ಅವನಿಗೆ ಈ ಪರೀಕ್ಷೆಯೇ ಇಲ್ಲ. ಎರಡು ಸಾವಿರ ಪುಟ ಓದಿಯೂ ಸ್ಟಾಲಿನ್‌ಗ್ರಾಡ್ ಕದನ ಸಿಗಲಿಲ್ಲವಲ್ಲ ಎಂದು ಗೊಣಗುವವರು ಇದನ್ನು ಮೊದಲೇ ತಿಳಿದಿರಬೇಕು.

ಲೆನಿನ್‌ಗ್ರಾಡಿನ ಪಕ್ಷದ ಮುಖ್ಯಸ್ಥ ಕೀರೋವ್ ಕೊಲೆಯದು ಮೂರನೆಯ ಪರೀಕ್ಷೆ. 1934ರ ಡಿಸೆಂಬರ್ 1ರಂದು ಅಲ್ಲಿನ ಪಕ್ಷದ ಕಚೇರಿಯಾದ ಸ್ಮೋಲ್ನಿಯಲ್ಲಿ ನಿಕೊಲಾಯೆವ್ ಎಂಬವನು ಗುಂಡು ಹಾರಿಸಿದ. ಕೊಲ್ಲಿಸಿದ್ದು ಸ್ಟಾಲಿನ್ನೇ ಎಂಬ ಮಾತು ದಶಕಗಟ್ಟಲೆ ಓಡಿತು. ಕೊಲ್ಲಿಸಿದ್ದಕ್ಕೆ ಪುರಾವೆಯಿಲ್ಲ, ಆದರೆ ಆ ಕೊಲೆಯನ್ನು ಅವನು ಪೂರ್ತಿಯಾಗಿ ಬಳಸಿಕೊಂಡ ಎನ್ನುವುದು ಖ್ಲೆವ್ನ್ಯೂಕ್ ಮತ್ತು ಕೋಟ್ಕಿನ್ ಇಬ್ಬರ ತೀರ್ಮಾನ. ‘ಕೊಲ್ಲಿಸಿದ’ ಮತ್ತು ‘ಬಳಸಿಕೊಂಡ’ ಎಂಬ ಎರಡರ ನಡುವೆ ಗೆರೆ ಎಳೆಯದ ಲೇಖಕ ಉಳಿದ ಕಡೆಯೂ ಹಾಗೇ ಜಾರುತ್ತಾನೆ.

ಒಂದೇ ಪುಸ್ತಕ ಕೊಳ್ಳುವವರಿಗೆ ನಮ್ಮ ಮಟ್ಟಿಗೆ ಖ್ಲೆವ್ನ್ಯೂಕ್. ಸುಮಾರು 400 ಪುಟ. ಮಾಸ್ಕೋದ ದಾಖಲೆಗಳಲ್ಲೇ ವರ್ಷಗಟ್ಟಲೆ ಮುಳುಗಿದ್ದ ಇತಿಹಾಸಕಾರ; ಯಾವ ಆತ್ಮಕಥೆಯನ್ನು ಎಷ್ಟು ನಂಬಬೇಕು ಎಂಬುದನ್ನು ಮುನ್ನುಡಿಯಲ್ಲೇ ಹೇಳಿಬಿಡುತ್ತಾನೆ. ಪುಸ್ತಕದ ರಚನೆಯೂ ಜಾಣತನದ್ದು: 1953ರ ಮಾರ್ಚಿನಲ್ಲಿ ಸ್ಟಾಲಿನ್ ಡಾಚಾದ ನೆಲದ ಮೇಲೆ ಬಿದ್ದಾಗಿನಿಂದ 5ನೇ ತಾರೀಖು ಸಾಯುವವರೆಗಿನ ದಿನಗಳನ್ನು ತುಂಡು ತುಂಡಾಗಿ ಹೇಳುತ್ತ, ನಡುನಡುವೆ ಹುಟ್ಟಿನಿಂದ ಬದುಕನ್ನು ಹೆಣೆಯುತ್ತಾನೆ. 1937–38ರ ಸಾಮೂಹಿಕ ದಮನದಲ್ಲಿ ಗುಂಡಿಗೆ ಬಲಿಯಾದವರ ಸಂಖ್ಯೆ ರಹಸ್ಯ ಪೊಲೀಸರ ಲೆಕ್ಕದಲ್ಲೇ 6,81,692. ಇಂಥ ಅಂಕಿಯ ಹಿಂದೆ ಯಾವ ಆದೇಶ, ಜಿಲ್ಲೆಗೆಷ್ಟು ಕೋಟಾ ಎಂಬುದನ್ನು ಅವನಷ್ಟು ಚೊಕ್ಕವಾಗಿ ಹೇಳಿದವರು ಕಡಿಮೆ. ಕೊರತೆಯೆಂದರೆ, ಬರಹ ಒಣಕಲು. ಬಾಲ್ಯ ಬೇಗ ಮುಗಿದುಹೋಗುತ್ತದೆ.

ಮಾಂಟಿಫಿಯೋರಿ ಇದಕ್ಕೆ ತದ್ವಿರುದ್ಧ. 1932ರ ನವೆಂಬರ್ 8ರ ಔತಣದಿಂದ ಶುರು. ಆ ರಾತ್ರಿ ಹೆಂಡತಿ ನಾದ್ಯಾ ಗುಂಡು ಹಾರಿಸಿಕೊಂಡು ಸತ್ತಳು. ಯಾರು ಯಾರ ಪಕ್ಕ ಕೂತಿದ್ದರು, ಯಾರು ಯಾರನ್ನು ಕೆಣಕಿದರು ಎಲ್ಲವೂ ಇದೆ. ಪುಸ್ತಕ ಕೈಬಿಡಲಾಗುವುದಿಲ್ಲ. ತೊಡಕಿರುವುದು ಆಧಾರದಲ್ಲಿ: ನಾಯಕರ ಮಕ್ಕಳು ಅರವತ್ತು ವರ್ಷದ ನಂತರ ನೆನಪಿಸಿಕೊಂಡದ್ದು ಮತ್ತು ಅಂದಿನ ಪತ್ರ ಒಂದೇ ಪ್ಯಾರಾದಲ್ಲಿ ಬೆರೆತಿರುತ್ತವೆ. ಅಡಿಟಿಪ್ಪಣಿಯೂ ಹಲವು ಆಧಾರಗಳನ್ನು ಒಟ್ಟಿಗೆ ಕಟ್ಟಿಹಾಕುವುದರಿಂದ ಯಾವ ವಾಕ್ಯಕ್ಕೆ ಯಾವುದು ಎಂದು ತಿಳಿಯದು. ಹಳ್ಳಿಯ ಬರಗಾಲ ಇಲ್ಲಿ ಕಿಟಕಿಯಾಚೆಗಿನ ದೃಶ್ಯ ಮಾತ್ರ. ಖ್ಲೆವ್ನ್ಯೂಕ್ ಓದಿದ ಮೇಲೆ ಓದಿದರೆ ರುಚಿ. ಮೊದಲೇ ಓದಿದರೆ ಆಳ್ವಿಕೆಯೆಂದರೆ ಊಟ, ಕುಡಿತ, ಒಳಸಂಚು ಅಷ್ಟೇ ಅನ್ನಿಸಿಬಿಡುತ್ತದೆ.

ಕೋಟ್ಕಿನ್ ಆಳ ಬೇಕಾದವರಿಗೆ. ಮೊದಲ ಸಂಪುಟ ಸುಮಾರು 950 ಪುಟ, ಅದರಲ್ಲಿ ಕೊನೆಯ 200ರಷ್ಟು ಟಿಪ್ಪಣಿ ಮತ್ತು ಸೂಚಿ. ಜನ ಇದನ್ನು ನೂರನೇ ಪುಟದ ಸುಮಾರಿಗೆ ಕೈಬಿಡುತ್ತಾರೆ: ಜರ್ಮನಿಯ ಬಿಸ್ಮಾರ್ಕ್, ತ್ಸಾರ್ ಕಾಲದ ಮಂತ್ರಿಗಳಾದ ವಿಟ್ಟೆ, ಸ್ಟೊಲಿಪಿನ್ ಬಂದು ಹೋಗುತ್ತಾರೆ, ನಾಯಕ ಮಾತ್ರ ನಾಪತ್ತೆ. ಅವಸರವಿದ್ದರೆ ಸ್ಟಾಲಿನ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದ 1922ಕ್ಕೆ ನೇರ ಹೋಗಿ. ಅಧಿಕಾರ ಎಂಬುದು ಕಡತ, ನೇಮಕ, ಟೆಲಿಗ್ರಾಂ ಮೂಲಕ ಹೇಗೆ ಕೈಸೇರಿತು ಎಂಬ ಭಾಗಕ್ಕೆ ಸಾಟಿಯಿಲ್ಲ. ಅಪ್ಪ ಹೊಡೆದ, ಅದಕ್ಕೇ ಮಗ ಕ್ರೂರಿಯಾದ ಎಂಬ ಸುಲಭ ವಿವರಣೆಯನ್ನು ಅವನು ತಳ್ಳಿಹಾಕುವುದೂ ಸರಿಯೇ. ಆದರೆ ಸ್ಟಾಲಿನ್ನನನ್ನು ತೆಗೆಯಿರಿ ಎಂದ ಲೆನಿನ್ನನ ‘ಉಯಿಲು’ ಲೆನಿನ್ ಹೇಳಿ ಬರೆಸಿದ್ದೇ ಎಂಬುದರ ಮೇಲೆ ಅವನು ಎತ್ತುವ ಸಂಶಯವನ್ನು ಬಹುಪಾಲು ತಜ್ಞರು ಒಪ್ಪುವುದಿಲ್ಲ. ಆ ಪುಟಗಳಿಗೆ ಸರ್ವೀಸ್ ಜೊತೆಗಿರಲಿ.

ಸರ್ವೀಸ್ ನಡುದಾರಿ: ಹುಟ್ಟಿನಿಂದ ಸಾವಿನವರೆಗೆ ಒಂದೇ ಸಂಪುಟ, ಚಿಕ್ಕ ಚಿಕ್ಕ ಅಧ್ಯಾಯ. ಇದಕ್ಕಿಂತ ಹೆಚ್ಚು ಹೇಳಲು ಏನಿಲ್ಲ.

ಡಾಯ್ಚರ್‌ನನ್ನು ಲೈಬ್ರರಿಯಲ್ಲಿ ಓದಿ. ಮಾರ್ಕ್ಸ್‌ವಾದಿ, ಸ್ಟಾಲಿನ್ನನ ಎದುರಾಳಿ ಟ್ರಾಟ್ಸ್ಕಿಯ ಅಭಿಮಾನಿ, ಕಡತಗಳ ಬಾಗಿಲು ಮುಚ್ಚಿದ್ದ ಕಾಲದವನು. ಅಂಕಿಗಳಿಗೆ ಅವನನ್ನು ನಂಬುವಂತಿಲ್ಲ. ಗದ್ಯ ಮಾತ್ರ ಐವರಲ್ಲಿ ಅವನದೇ ಚೆಲುವು. ಸ್ಟಾಲಿನ್ ಮರದ ನೇಗಿಲಿನ ರಷ್ಯಾವನ್ನು ಕೈಗೆ ತೆಗೆದುಕೊಂಡು ಅಣುಶಕ್ತಿಯ ರಷ್ಯಾವನ್ನು ಬಿಟ್ಟುಹೋದ ಎಂಬ ಮಾತು ಚರ್ಚಿಲ್‌ನದೆಂದು ಓಡಾಡುತ್ತದಲ್ಲ, ಅದನ್ನು ಬರೆದವನು ಡಾಯ್ಚರ್.