‘ಎಲ್ಲಾ ಪ್ರಕಾಶಕರೂ ನಂಗೆ ಗೊತ್ತು’ ಅಂದವರಿಗೆ ನಾನು 95,000 ರೂಪಾಯಿ ಕೊಟ್ಟ ಕಥೆ

ಮೊದಲ ಕಾದಂಬರಿ ಬರೆದು ಮುಗಿಸಿ, ‘ನಂಗೆ ಯಾರೂ ಗೊತ್ತಿಲ್ವಲ್ಲ, ಯಾರು ಹಾಕ್ತಾರೆ ಇದನ್ನ’ ಅಂತ ಕೂತಿದ್ದೀರಾ? ನಾನೂ ಹಾಗೇ ಕೂತಿದ್ದೆ. ಆ ಒಂದು ಯೋಚನೆಯಿಂದಲೇ ಮೋಸಹೋದೆ.

ನಾನು ತಿಪಟೂರಿನವನು. ಕೊಬ್ಬರಿ ಮಂಡಿಯೊಂದರಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಒಂದು ಚೀಲ ಕಮ್ಮಿ ಬಂದರೂ ಹಿಡಿಯುವವನು. ಈ ಮಾತು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ. ಕೊಬ್ಬರಿ ವ್ಯಾಪಾರದ ಒಂದು ಮನೆತನದ ಕಥೆಯನ್ನು ಆರು ವರ್ಷ ಬರೆದೆ. ರಾತ್ರಿ ಊಟ ಆದಮೇಲೆ, ಮಂಡಿಯ ಹಳೇ ಲೆಕ್ಕದ ಪುಸ್ತಕಗಳ ಖಾಲಿ ಹಾಳೆಗಳಲ್ಲಿ.

ಬೆಂಗಳೂರಿನಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋದಾಗ ಅವರು ಸಿಕ್ಕಿದರು. ಜುಬ್ಬಾ, ಹೆಗಲಿಗೆ ಚೀಲ, ಮಾತಿನ ತುಂಬಾ ‘ನಮ್ಮವರು’. ಮೊಬೈಲ್ ತೆಗೆದು ಫೋಟೋ ತೋರಿಸಿದರು. ದೊಡ್ಡ ದೊಡ್ಡ ಸಾಹಿತಿಗಳ ಪಕ್ಕದಲ್ಲಿ ಇವರು. ಈಗ ನೆನೆಸಿಕೊಂಡರೆ, ಆ ಫೋಟೋಗಳಲ್ಲಿ ಒಬ್ಬ ಸಾಹಿತಿಯೂ ಇವರ ಕಡೆ ನೋಡುತ್ತಿರಲಿಲ್ಲ. ‘ಕನೆಕ್ಷನ್ ಇಲ್ದೆ ಇಲ್ಲಿ ಏನೂ ನಡೆಯಲ್ಲ ಸಾರ್. ಹಸ್ತಪ್ರತಿ ನಂಗೆ ಕೊಡಿ, ಮಿಕ್ಕಿದ್ದು ನಂಗೆ ಬಿಡಿ’ ಅಂದರು. ಬಿಟ್ಟೆ.

ಮೊದಲು ತಿದ್ದೋದಕ್ಕೆ ಅಂತ 18,000. ಆಮೇಲೆ ದೊಡ್ಡ ಪ್ರಕಾಶಕರು ‘ಒಪ್ಪಿದ್ದಾರೆ, ಆದ್ರೆ ಈ ವರ್ಷ ಪಟ್ಟಿ ಭರ್ತಿ’ ಅನ್ನುವ ಸುದ್ದಿ. ಸುಮ್ನೆ ಕಾಯೋದು ಬೇಡ, ನಮ್ಮದೇ ಪ್ರಕಾಶನದಲ್ಲಿ ತರೋಣ, 1,000 ಪ್ರತಿಗೆ 72,000 ಆಗುತ್ತೆ, ಲೈಬ್ರರಿಗೇ 300 ಹೋಗುತ್ತೆ, ದುಡ್ಡು ವಾಪಸ್ ಬಂದ ಹಾಗೇ ಅಂದರು. ಮುನ್ನುಡಿ ಬರೆಯುವ ಹಿರಿಯರಿಗೆ ಗೌರವಧನ 5,000. ಹೆಂಡತಿಯ ಬಳೆ ಅಡವಿಟ್ಟೆ. ಅದನ್ನು ಜಾಸ್ತಿ ಎಳೆಯೋದಿಲ್ಲ.

ಒಂಬತ್ತು ರಟ್ಟಿನ ಡಬ್ಬ ಬಂದವು. ಮಂಡಿಯ ಜಗುಲಿ ಮೇಲೆ ಇಳಿಸಿಕೊಂಡು ಎಣಿಸಿದೆ. ಡಬ್ಬಕ್ಕೆ 40. ಒಟ್ಟು 360. ಇನ್ನೊಂದು ಸಲ ಎಣಿಸಿದೆ. ಫೋನ್ ಮಾಡಿದರೆ ‘ಉಳಿದ 640 ಲೈಬ್ರರಿ ಮತ್ತೆ ಅಂಗಡಿಗಳಿಗೆ ಹೋಗಿದೆ’ ಅಂದರು. ನಂಬಿದೆ. ಕೊಬ್ಬರಿ ಆಗಿದ್ದರೆ ನಂಬುತ್ತಿರಲಿಲ್ಲ, ಅಲ್ವಾ?

ಆ ರಾತ್ರಿ ಮುನ್ನುಡಿ ಓದಿದೆ. ಎರಡೂವರೆ ಪುಟ. ‘ಗ್ರಾಮೀಣ ಬದುಕಿನ ಒಳನೋಟ’ ಇತ್ಯಾದಿ. ಕೊನೆಯಲ್ಲಿ ‘ಸಾವಿತ್ರಿಯ ಪಾತ್ರ ಓದುಗರನ್ನು ಬಹುಕಾಲ ಕಾಡುತ್ತದೆ’ ಅಂತ ಇತ್ತು. ನನ್ನ ಕಾದಂಬರಿಯಲ್ಲಿ ಸಾವಿತ್ರಿಯೇ ಇಲ್ಲ. ಇರುವವಳು ಗಂಗಮ್ಮ. ಬೇರೆ ಯಾವುದೋ ಪುಸ್ತಕಕ್ಕೆ ಬರೆದ ಮುನ್ನುಡಿಯನ್ನು ನನ್ನದಕ್ಕೆ ತೊಡಿಸಿದ್ದರು. ಎಷ್ಟೋ ತಿಂಗಳ ಮೇಲೆ ಆ ಹಿರಿಯರೇ ಒಂದು ಕಾರ್ಯಕ್ರಮದಲ್ಲಿ ಸಿಕ್ಕರು. ಕೇಳಿದೆ. ಪಾಪ, ಮುಖ ಸಪ್ಪಗಾಯಿತು. ‘ಅವರೇ ಟೈಪ್ ಮಾಡಿಸಿಕೊಂಡು ಬಂದಿದ್ದರು. ಸಹಿ ಹಾಕಿದೆ. ತಪ್ಪಾಯಿತು’ ಅಂದರು. ಗೌರವಧನದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

ಹಿಂಬದಿಯ ಐಎಸ್‌ಬಿಎನ್ ನಂಬರನ್ನು, ಅಂದರೆ ಪ್ರತಿ ಪುಸ್ತಕಕ್ಕೂ ಇರುವ ಗುರುತಿನ ಸಂಖ್ಯೆಯನ್ನು, ನನ್ನ ಮಗಳು ಮೊಬೈಲ್‌ನಲ್ಲಿ ಹುಡುಕಿದಳು. ಗಣಿತದ ಗೈಡ್ ಒಂದು ಬಂತು. ಐಎಸ್‌ಬಿಎನ್ ಮಾಡಿಸಿಕೊಡೋಕೆ ದುಡ್ಡಾಗುತ್ತೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಕೇಂದ್ರ ಸರ್ಕಾರದ ಕೈಕೆಳಗಿನ ರಾಜಾ ರಾಮಮೋಹನ ರಾಯ್ ಏಜೆನ್ಸಿ. ಬಿಟ್ಟಿ. ಬರೆದವರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಲೈಬ್ರರಿಯ ಮಾತೂ ಅಷ್ಟೇ. ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕ ಕೊಳ್ಳುವುದು ನಿಜ. ಆದರೆ ಅದಕ್ಕೆ ಇಲಾಖೆಯಿಂದ ಪ್ರಕಟಣೆ ಹೊರಡಬೇಕು, ಪ್ರಕಾಶಕರು ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ಒಪ್ಪಬೇಕು. ಆಯ್ಕೆಯಾದ ಮೇಲೂ ಬಿಲ್ ಬರೋದಕ್ಕೆ ವರ್ಷಗಟ್ಟಲೆ ಕಾಯಬೇಕು ಅಂತ ಹೆಸರಾಂತ ಪ್ರಕಾಶಕರೇ ಗೋಳಾಡುತ್ತಾರೆ. ಅಚ್ಚಿಗೆ ಹೋಗುವ ಮೊದಲೇ ‘300 ಗ್ಯಾರಂಟಿ’ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಆಯ್ಕೆ ಪಟ್ಟಿ ಬಂದಾಗ ನೋಡಿದೆ. ನನ್ನ ಪುಸ್ತಕ ಹೋಗಲಿ, ಆ ಪ್ರಕಾಶನದ ಹೆಸರೇ ಇರಲಿಲ್ಲ. ಮತ್ತೆ ಫೋನ್ ಮಾಡಿದೆ. ‘ಗಳಗನಾಥರು ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ ಮಾರಿದ್ರು ಸಾರ್, ನಿಮಗೇನು ನಾಚಿಕೆ?’ ಅಂದುಬಿಟ್ಟರು. ಹಳೇ ಕಾಲದ ಕಾದಂಬರಿಕಾರ ಗಳಗನಾಥರ ಹೆಸರನ್ನು ಹೀಗೂ ಬಳಸಬಹುದು ಅಂತ ಅವತ್ತು ಗೊತ್ತಾಯಿತು.

ಕೊನೆಗೆ ಒಂದು ದಿನ ರೈಲು ಹತ್ತಿ, ‘ಒಪ್ಪಿದ್ದಾರೆ’ ಅಂತ ಇವರು ಹೇಳಿದ್ದ ಆ ದೊಡ್ಡ ಪ್ರಕಾಶಕರ ಹತ್ತಿರವೇ ಹೋದೆ. ಅವರು ಪುಸ್ತಕ ತಿರುಗಿಸಿ ನೋಡಿದರು. ಬೆನ್ನಿನ ಮೇಲೆ ಹೆಸರು ತಲೆಕೆಳಗಾಗಿ ಅಚ್ಚಾಗಿತ್ತು, ನಾನು ಅದುವರೆಗೆ ಗಮನಿಸಿರಲಿಲ್ಲ. ‘ಅವರಾ? ಬರ್ತಾ ಇರ್ತಾರೆ. ಕಾಫಿ ಕುಡೀತಾರೆ, ಹೋಗ್ತಾರೆ’ ಅಂದರು. ನನ್ನ ಹಸ್ತಪ್ರತಿ ಅವರ ಮೇಜಿಗೆ ಬಂದೇ ಇರಲಿಲ್ಲ. ‘ಪೋಸ್ಟಲ್ಲಿ ಕಳಿಸಿದ್ರೆ ಓದ್ತಿದ್ದೆ. ಆರು ತಿಂಗಳಾಗ್ತಿತ್ತು. ಹಾಕ್ತಿದ್ದೆ ಅಂತ ಹೇಳಲ್ಲ, ಓದ್ತಿದ್ದೆ.’

ಪೋಸ್ಟಿನ ಖರ್ಚು ನೂರು ರೂಪಾಯಿ ಆಗುತ್ತಿತ್ತೇನೋ.

ಹಾಗಂತ ಪರಿಚಯ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳೋದಿಲ್ಲ. ಗೊತ್ತಿದ್ದವರು ಒಂದು ಮಾತು ಹೇಳಿದರೆ ಹಸ್ತಪ್ರತಿ ರಾಶಿಯ ಅಡಿಯಿಂದ ಮೇಲೆ ಬರುತ್ತದೆ. ಪುಸ್ತಕ ಬಂದಮೇಲಂತೂ ಪರಿಚಯವೇ ಜಾಸ್ತಿ ಕೆಲಸ ಮಾಡುತ್ತದೆ. ಭಾನುವಾರದ ಪುರವಣಿಯಲ್ಲಿ ನಾಲ್ಕು ಸಾಲು ಬರೋದು, ಗೋಷ್ಠಿಗೆ ಕರೆಯೋದು, ಬಹುಮಾನದ ಸುದ್ದಿಯಲ್ಲಿ ಹೆಸರು ಓಡಾಡೋದು. ಇದನ್ನು ಇಲ್ಲ ಅನ್ನುವವರು ಸುಳ್ಳು ಹೇಳುತ್ತಾರೆ. ಆದರೆ ಆ ಪರಿಚಯ ಬಾಡಿಗೆಗೆ ಸಿಗೋದಿಲ್ಲ. ಮಯೂರದಲ್ಲೋ ಸುಧಾದಲ್ಲೋ ಒಂದು ಕಥೆ ಬಂದರೆ, ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಹೆಸರು ಕಂಡರೆ, ಪ್ರಕಾಶಕರಿಗೆ ನೀವು ಅರ್ಧ ಪರಿಚಯ ಆದ ಹಾಗೆ. ಛಂದ ಪುಸ್ತಕ ಪ್ರಕಾಶನದವರು ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾವೇ ಅಚ್ಚು ಹಾಕುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ವಯಸ್ಸಿನ ಮಿತಿ ಇದೆ, ನಾನು ಯಾವಾಗಲೋ ದಾಟಿದ್ದೆ. ಇಂಗ್ಲಿಷ್‌ನಲ್ಲಿ ಇರುವ ಹಾಗೆ ನಡುವೆ ಏಜೆಂಟ್ ಇಟ್ಟುಕೊಳ್ಳುವ ಪದ್ಧತಿ ಕನ್ನಡದಲ್ಲಿ ಬೆಳೆದೇ ಇಲ್ಲ. ಬರೆದವರು ನೇರವಾಗಿ ಪ್ರಕಾಶಕರಿಗೇ ಕಳಿಸುತ್ತಾರೆ. ನಡುವೆ ನಿಂತು ದುಡ್ಡು ಕೇಳುವವರು ಯಾಕೆ ನಿಂತಿದ್ದಾರೆ ಅಂತ ಆಗಲೇ ಕೇಳಬೇಕಿತ್ತು.

ಇನ್ನೊಂದು ವಿಷಯ. ದುಡ್ಡು ಕೊಟ್ಟ ದಿನ, ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ, ಅರ್ಧ ಹಾಳೆಯ ಒಂದು ‘ಒಪ್ಪಿಗೆ ಪತ್ರ’ಕ್ಕೆ ಸಹಿ ಹಾಕಿಸಿಕೊಂಡಿದ್ದರು. ಅದರಲ್ಲಿ ಹಕ್ಕೆಲ್ಲಾ ಪ್ರಕಾಶನಕ್ಕೆ ಅಂತ ಇತ್ತು. ಎಷ್ಟು ವರ್ಷ ಅಂತ ಇರಲಿಲ್ಲ. ಪರಿಚಯದ ವಕೀಲರಿಗೆ ತೋರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕವಂತೆ. ಹಕ್ಕು ನನಗೆ ವಾಪಸ್ ಬರೋದಕ್ಕೆ ಇನ್ನೂ ಎರಡು ವರ್ಷ ಇದೆ. ಅಷ್ಟರೊಳಗೆ ಕಾದಂಬರಿಯನ್ನು ಮತ್ತೆ ತಿದ್ದುತ್ತಿದ್ದೇನೆ. 18,000 ಕೊಟ್ಟು ತಿದ್ದಿಸಿದ ಪ್ರತಿಯಲ್ಲಿ ‘ಕೊಬರಿ’ ಅಂತ 31 ಕಡೆ ಇದೆ, ಎಣಿಸಿದ್ದೇನೆ.

ಕಳೆದ ತಿಂಗಳು ಇನ್ನೊಂದು ಬಿಡುಗಡೆ ಸಮಾರಂಭಕ್ಕೆ ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಅದೇ ಜುಬ್ಬಾ. ಪಕ್ಕದಲ್ಲಿ ಇಪ್ಪತ್ತೆರಡು, ಇಪ್ಪತ್ಮೂರರ ಒಬ್ಬ ಹುಡುಗಿ. ತೊಡೆಯ ಮೇಲೆ ಸ್ಪೈರಲ್ ಬೈಂಡ್ ಮಾಡಿಸಿದ ಹಸ್ತಪ್ರತಿ. ಇವರು ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತಿದ್ದರು. ನಾನು ಹೋಗಿ ಅವಳ ಆಚೆ ಪಕ್ಕದ ಕುರ್ಚಿಯಲ್ಲಿ ಕೂತೆ. ‘ಸಾರ್, ಸಾವಿತ್ರಿ ಚೆನ್ನಾಗಿದ್ದಾಳಾ?’ ಅಂದೆ.