ಡಿಸ್ಕ್ ನೋವಿಗೆ ಆರು ವಾರಗಳ ಫಿಸಿಯೋಥೆರಪಿ

ಸೊಂಟದ ಎಲ್4-ಎಲ್5 ಡಿಸ್ಕ್ (ನಾಲ್ಕನೆಯ ಮತ್ತು ಐದನೆಯ ಸೊಂಟದ ಮೂಳೆಗಳ ನಡುವಿನ ಮೆತ್ತೆ) ಉಬ್ಬಿ ನರವನ್ನು ಒತ್ತುತ್ತಿದೆ ಎಂಬ ಎಂಆರ್‌ಐ ವರದಿ ಹಿಡಿದು, ಶಸ್ತ್ರಚಿಕಿತ್ಸೆಯ ಭಯದಲ್ಲೇ ಮೈಸೂರಿನ ಈ ಫಿಸಿಯೋಥೆರಪಿ ಕೇಂದ್ರಕ್ಕೆ ಹೋದೆ. ಚಿಕಿತ್ಸಕಿಯವರು ಮೊದಲು ಕಾಲಿನ ಬಲವನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿ, ಡಿಸ್ಕಿನ ಮೆದು ತಿರುಳು ಹೊರಪದರದ ಬಿರುಕಿನಿಂದ ಹೇಗೆ ಚಾಚಿಕೊಳ್ಳುತ್ತದೆ, ಬಹುಪಾಲು ರೋಗಿಗಳಲ್ಲಿ ನೋವು 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಹೇಗೆ ತಗ್ಗುತ್ತದೆ ಎಂಬುದನ್ನು ಮಾದರಿ ತೋರಿಸಿ ವಿವರಿಸಿದರು. ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ ಅಥವಾ ಪಾದದ ಬಲ ಕುಂದಿದರೆ ಇಲ್ಲಿಗೆ ಬಾರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕೆಂದು ಎಚ್ಚರಿಸಿದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಮಲಗಿಯೇ ಇರದೆ ನಡೆದಾಡಬೇಕೆಂಬ ಅವರ ಸಲಹೆಯನ್ನು ನಮ್ಮ ತಾಯಿಯವರು ಇನ್ನೂ ಒಪ್ಪಿಲ್ಲ. ಬೋರಲು ಮಲಗಿ ಎದೆಯೆತ್ತುವ ವ್ಯಾಯಾಮದಿಂದ, ಮೀನಖಂಡದವರೆಗೆ ಇಳಿಯುತ್ತಿದ್ದ ನೋವು ಮೂರನೆಯ ವಾರಕ್ಕೆ ಸೊಂಟದಲ್ಲಷ್ಟೇ ಉಳಿಯಿತು. ಬೆನ್ನುಮೂಳೆಯನ್ನು ಮೆಲ್ಲಗೆ ಎಳೆದು ಹಿಗ್ಗಿಸುವ ಟ್ರಾಕ್ಷನ್‌ಗೆ ಪ್ರತ್ಯೇಕ ಶುಲ್ಕ ಪಡೆದದ್ದು ಮಾತ್ರ ಸರಿಯೆನಿಸಲಿಲ್ಲ. ಅದರಿಂದ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.